ಏಳನೆಯ ವ್ಯಕ್ತಿಯ ವರದಿ

9 ಜನವರಿ

ಅಪ್ಪ,

ನಿಮಗೆ ಕಾಗದ ಬರೆದು ಎಷ್ಟು ವರ್ಷವಾಯಿತೋ. ಫೋನಿನಲ್ಲಿ ‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಎನ್ನುವುದರಾಚೆಗೆ ನಾವಿಬ್ಬರೂ ಹೋಗುವುದಿಲ್ಲ. ಇದು ಫೋನಿನಲ್ಲಿ ಆಡುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಆಸ್ಪತ್ರೆಯ ವಿಳಾಸಕ್ಕೆ ನನ್ನ ಹೆಸರಿಗೊಂದು ಪತ್ರ ಬಂತು. ಸೊಂಟದ ಮೂಳೆ ಮುರಿದ ಅಜ್ಜಿಯೊಬ್ಬರಿಗೆ ನಡಿಗೆ ಕಲಿಸುತ್ತಿದ್ದೆ. ಅವರ ಕೈಗೆ ಕಂಬಿ ಹಿಡಿಸಿ ನಿಲ್ಲಿಸಿ, ಅಲ್ಲೇ ಒಡೆದು ಓದಿದೆ. ಬರೆದವಳು ಯಾರೋ ಸಂಶೋಧಕಿ. ನೀವು ಹನ್ನೊಂದು ವರ್ಷ ನಡೆಸಿದ ಆ ‘ವಿಶೇಷ ಗ್ರಹಿಕೆಯ ಪ್ರಯೋಗಾಲಯ’ದ ಕಡತಗಳನ್ನು ಸರ್ಕಾರ ಈಗ ತೆರೆದಿದೆಯಂತೆ. ಮುಚ್ಚಿದ ಲಕೋಟೆಯೊಳಗಿನ ಚಿತ್ರವನ್ನು ತೆರೆಯದೆ ಹೇಳಿದವರು, ಕುಳಿತಲ್ಲೇ ಕುಳಿತು ದೂರದ ಊರನ್ನು ಕಂಡವರು, ಇವರಾರಿಗೂ ಅದರಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ‘ಏಳನೆಯ ವ್ಯಕ್ತಿ. ಹೆಣ್ಣು. ವಯಸ್ಸು ಹನ್ನೆರಡು. ಉಳಿದೆಲ್ಲರಿಗಿಂತ ನಿಖರ.’ ಆಕೆ ಕೇಳಿರುವುದು ಒಂದೇ ಪ್ರಶ್ನೆ: ಅದು ನೀವೇನಾ?

ನನ್ನ ಮುಖ ನೋಡಿ ಅಜ್ಜಿ ಕೇಳಿದರು, “ಏನಮ್ಮಾ, ಯಾರಾದ್ರೂ ಹೋಗ್ಬಿಟ್ರಾ?”

“ಇಲ್ಲ ಅಜ್ಜಿ, ಯಾರೋ ವಾಪಸ್ ಬಂದಿದಾರೆ” ಎಂದೆ.

ಏನು ಉತ್ತರ ಬರೆಯಲಿ?

ನಿಮ್ಮ ಮಗಳು


21 ಜನವರಿ

ಚೂಟಿ,

ನಿನ್ನ ಕಾಗದ ತಲುಪಿತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ನಿಮ್ಮಮ್ಮ ಇದ್ದಿದ್ದರೆ ನನ್ನನ್ನೇ ಬೈಯುತ್ತಿದ್ದಳು.

ಮೊದಲು ಒಳ್ಳೆಯ ಸುದ್ದಿ. ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯದವರು ನನ್ನನ್ನು ಗೌರವಿಸುತ್ತಾರಂತೆ. ನಾನು ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕಟ್ಟಿದ ಕಂಪನಮಾಪಕಕ್ಕಾಗಿ. ಒಂದು ಬೆಳಕಿನ ಕಿರಣವನ್ನು ಎರಡಾಗಿ ಸೀಳಿ, ಬೇರೆ ಬೇರೆ ದಾರಿಯಲ್ಲಿ ಕಳಿಸಿ, ಮತ್ತೆ ಒಂದುಗೂಡಿಸಿದರೆ ಕಪ್ಪುಬಿಳುಪು ಗೆರೆಗಳು ಮೂಡುತ್ತವೆ. ಕೂದಲೆಳೆಯ ಸಾವಿರದಲ್ಲೊಂದು ಪಾಲು ಏನಾದರೂ ಅಲುಗಿದರೂ ಗೆರೆ ಸರಿಯುತ್ತದೆ. ನೀನು ಚಿಕ್ಕವಳಿದ್ದಾಗ ಮೇಜಿನ ಪಕ್ಕ ಉಸಿರಾಡಿದರೂ ಗೆರೆ ಓಡುತ್ತಿತ್ತು, ‘ಉಸಿರು ಬಿಗಿಹಿಡಿ’ ಎಂದು ಗದರಿಸುತ್ತಿದ್ದೆ. ಇವತ್ತು ಎಷ್ಟೋ ಸೇತುವೆಗಳ, ಅಣೆಕಟ್ಟುಗಳ ಬಿರುಕು ಹುಡುಕುವುದು ಅದರಿಂದಲೇ.

ಇನ್ನು ಆ ಸಂಶೋಧಕಿಯ ವಿಷಯ. ಹಳೆ ಅಟ್ಟ ಕೆದಕಿ ದೂಳು ಎಬ್ಬಿಸುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಸರ್ಕಾರ ಕೇಳಿತು, ನಾನು ಪರೀಕ್ಷಿಸಿದೆ. ತಿಳಿಯದ್ದನ್ನು ಪರೀಕ್ಷಿಸುವುದೇ ವಿಜ್ಞಾನ. ನಾಚಿಕೆಪಡುವಂಥದ್ದು ಅದರಲ್ಲೇನೂ ಇಲ್ಲ. ನೀನು ಆಗ ಸಣ್ಣವಳು, ‘ನನಗೇನೂ ನೆನಪಿಲ್ಲ’ ಎಂದು ಬರೆದುಬಿಡು. ಏಪ್ರಿಲ್ ಮುಗಿಯುವವರೆಗಾದರೂ ಆಕೆಗೆ ಬೇರೇನೂ ಬರೆಯಬೇಡ.

ಸಮಾರಂಭಕ್ಕೆ ಬರುತ್ತೀಯಲ್ಲ?

ಅಪ್ಪ


3 ಫೆಬ್ರವರಿ

ಅಪ್ಪ,

ನನಗೆ ಎಲ್ಲವೂ ನೆನಪಿದೆ. ಹಾಗಾಗಿ ನೀವು ಹೇಳಿದಂತೆ ಬರೆಯಲಾರೆ.

ಅಮ್ಮನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೆ. ಅವಳು ಹೋಗಿ ಎರಡು ವರ್ಷವಾಯಿತು. ಈಗ ನಿಮಗೆ ಹೇಳದಿದ್ದರೆ ಇನ್ನು ಹೇಳಲು ಯಾರೂ ಉಳಿಯುವುದಿಲ್ಲ.

ಶಾಲೆಗೆ ರಜೆ ಇದ್ದ ಒಂದು ದಿನ ನೀವು ನನ್ನನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿದ್ದಿರಿ. ಸುಮ್ಮನೆ ಆಟಕ್ಕೆಂದು ಒಂದು ಲಕೋಟೆ ಕೊಟ್ಟು ‘ಒಳಗೇನಿದೆ ಹೇಳು’ ಎಂದಿರಿ. ‘ದೋಣಿ’ ಎಂದೆ. ಬಾಯಿಗೆ ಬಂದದ್ದು. ಒಳಗೆ ದೋಣಿಯೇ ಇತ್ತು. ನಿಮ್ಮ ಮುಖ ಆಗ ಅರಳಿತಲ್ಲ, ಆ ಮುಖವನ್ನು ನಾನು ಮನೆಯಲ್ಲಿ ಎಂದೂ ನೋಡಿರಲಿಲ್ಲ. ಅದನ್ನು ಮತ್ತೆ ನೋಡಬೇಕು ಅನ್ನಿಸಿತು. ಅಷ್ಟೇ ಅಪ್ಪ, ಅದರ ಹಿಂದೆ ಬೇರೆ ಯಾವ ಶಕ್ತಿಯೂ ಇರಲಿಲ್ಲ.

ಲ್ಯಾಬಿನ ಬೀರುವನ್ನು ನಂಬದೆ ನೀವು ಮರುದಿನದ ಲಕೋಟೆಗಳನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದಿರಿ. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ನಾನು ನಿಮ್ಮ ಓದುವ ಕೋಣೆಗೆ ಹೋಗಿ ಒಂದೊಂದನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿಯುತ್ತಿದ್ದೆ. ಆ ಹೊತ್ತಿನಲ್ಲಿ ಅಲ್ಲಿ ನೇರ ಬಿಸಿಲು. ಹಳದಿ ಕಾಗದದ ಮೂಲಕ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಮೂರು ತಿಂಗಳು, ಎಪ್ಪತ್ತೆರಡು ಲಕೋಟೆ. ಸಂಶಯ ಬಾರದಿರಲೆಂದು ನಡುನಡುವೆ ಬೇಕೆಂದೇ ತಪ್ಪು ಹೇಳುತ್ತಿದ್ದೆ.

ಆಮೇಲೆ ಆ ವಿಮಾನ. ಅದರ ವಿಷಯ ಬರೆಯಲು ಇವತ್ತು ನನ್ನ ಕೈ ಏಳುತ್ತಿಲ್ಲ.

ನಿಮಗೆ ಮೋಸ ಮಾಡಿದೆ. ನಿಮ್ಮ ಕಷ್ಟದ ಕೆಲಸವನ್ನು ಹಾಳು ಮಾಡಿದೆ. ಇಪ್ಪತ್ತೆಂಟು ವರ್ಷದಿಂದ ನಿಮ್ಮ ಎದುರು ತಲೆ ಎತ್ತಿ ಮಾತಾಡಲು ಆಗದ್ದು ಇದಕ್ಕೇ. ನಾನು ಕೊಬ್ಬಿನಿಂದ ದೂರ ಉಳಿದೆ ಎಂದು ನೀವು ತಿಳಿದಿದ್ದರೆ, ಅದು ಹಾಗಲ್ಲ.

ಮಗಳು


30 ಮಾರ್ಚ್

ಚೂಟಿ,

ಎರಡು ತಿಂಗಳು ನಾನು ಫೋನು ಎತ್ತಲಿಲ್ಲ. ಕಿವಿ ಸರಿಯಿಲ್ಲ ಎಂದು ಪಕ್ಕದ ಮನೆಯವರಿಂದ ಹೇಳಿಸಿದೆ. ಕಿವಿ ಸರಿಯಾಗಿಯೇ ಇದೆ.

ನೀನು ನನಗೆ ಮೋಸ ಮಾಡಲಿಲ್ಲ. ನನಗೆ ಗೊತ್ತಿತ್ತು.

ಈ ವಾಕ್ಯ ಬರೆಯಲು ಎಷ್ಟು ಹಾಳೆ ಹರಿದೆನೋ. ಬರೆದ ಮೇಲೆ ನೋಡಿದರೆ ಎರಡೇ ಪದ.

ಚಿತ್ರಗಳನ್ನು ಲಕೋಟೆಗೆ ಹಾಕುತ್ತಿದ್ದ ಗುಮಾಸ್ತ ಕೆಲವನ್ನು ಮುಖ ಹಿಂದುಮುಂದಾಗಿ ಹಾಕುತ್ತಿದ್ದ. ಎಡಗೈಯಲ್ಲಿ ಛತ್ರಿ ಹಿಡಿದ ಮನುಷ್ಯನ ಚಿತ್ರ ನೆನಪಿದೆಯೆ? ನೀನು ಬಲಗೈಯಲ್ಲಿ ಛತ್ರಿ ಬರೆದೆ. ಎಡಕ್ಕೆ ಓಡುವ ಕುದುರೆಯನ್ನು ಬಲಕ್ಕೆ ಓಡಿಸಿದೆ. ಹೀಗೆ ಒಂಬತ್ತು ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದವು. ಕಾಗದವನ್ನು ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿದರೆ ಮಾತ್ರ ಹಾಗೆ ಕಾಣುತ್ತದೆ. ಬೆಳಕನ್ನೇ ಓದಿ ಅನ್ನ ತಿಂದವನು ನಾನು. ನನಗೆ ತಿಳಿಯದಿರುತ್ತದೆಯೆ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇಲ್ಲಿ ಕನ್ನಡಿಯೂ ಇತ್ತು, ನಾನೇ ಕಣ್ಣು ಮುಚ್ಚಿಕೊಂಡೆ.

ನನ್ನ ಸಹಾಯಕನನ್ನು ನಾವು ‘ಸೊನ್ನೆ’ ಎಂದು ಕರೆಯುತ್ತಿದ್ದೆವಲ್ಲ, ಯಾವ ಯಂತ್ರ ಮುಟ್ಟುವ ಮೊದಲೂ ಮುಳ್ಳು ಸೊನ್ನೆಯಲ್ಲಿದೆಯಾ ಎಂದು ಕೇಳುತ್ತಿದ್ದವನು. ಅವನು ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬಂದು ಹೇಳಿದ, “ಸರ್, ಒಂದು ವಾರ ಲಕೋಟೆ ಒಳಗೆ ಕಪ್ಪು ಕಾಗದ ಹಾಕಿ ನೋಡೋಣ. ಅಷ್ಟೇ ಸಾಕು.”

“ಮಗೂನ ಅನುಮಾನಿಸ್ತೀಯಾ?” ಎಂದು ಕೇಳಿದೆ.

“ಮಗೂನ ಅಲ್ಲ ಸರ್” ಎಂದ. ಮುಂದಿನ ತಿಂಗಳು ಅವನಿಗೆ ವರ್ಗವಾಯಿತು. ಆ ಕಾಗದಕ್ಕೆ ಸಹಿ ಹಾಕಿದ್ದು ನಾನೇ.

ನನ್ನ ವರದಿಯಲ್ಲಿ ಹೀಗೆ ಬರೆದೆ: ‘ಎಡಬಲ ಅದಲುಬದಲಾಗುವುದು ಈ ವಿಶೇಷ ಗ್ರಹಿಕೆಯ ಒಂದು ಸಹಜ ಲಕ್ಷಣ.’ ಆ ವಾಕ್ಯವನ್ನು ಓದಿ ಹೊರದೇಶದವರು ಕೂಡ ಪತ್ರ ಬರೆದು ಮೆಚ್ಚಿದರು.

ಯಾಕೆ ಎಂದು ಕೇಳುತ್ತೀಯ. ನಲವತ್ತೈದು ದಾಟಿತ್ತು. ಕಂಪನಮಾಪಕದ ನಂತರ ನನ್ನಿಂದ ಹೊಸದೇನೂ ಹುಟ್ಟಲಿಲ್ಲ. ನನ್ನ ಶಿಷ್ಯರು ನನ್ನನ್ನು ದಾಟಿಕೊಂಡು ಹೋದರು. ಆಗ ಇಲಾಖೆಯ ಕಾರ್ಯದರ್ಶಿ ಬಂದು, ‘ನಿಮ್ಮಂಥವರು ಹೇಳಿದ್ರೆ ಯಾರೂ ನಗಲ್ಲ’ ಎಂದ. ಅವರಿಗೆ ಬೇಕಿದ್ದದ್ದು ನನ್ನ ವಿದ್ಯೆಯಲ್ಲ, ನನ್ನ ಹೆಸರು. ಅದು ತಿಳಿದೇ ಕೊಟ್ಟೆ. ಒಂದು ಇಡೀ ಕಟ್ಟಡ, ಹದಿನಾಲ್ಕು ಜನ, ಬಾಗಿಲ ಮೇಲೆ ನನ್ನ ಫಲಕ. ನಿನ್ನ ಫಲಿತಾಂಶ ಬರುವ ಹೊತ್ತಿಗೆ ಅದನ್ನೆಲ್ಲ ಮುಚ್ಚುವ ಮಾತು ನಡೆದಿತ್ತು.

ನೀನು ಹನ್ನೆರಡು ವರ್ಷದವಳು, ಅಪ್ಪನ ಮುಖಕ್ಕಾಗಿ ಮಾಡಿದೆ. ನಾನು ಐವತ್ತರ ಹತ್ತಿರದವನು.

ಅಪ್ಪ


4 ಏಪ್ರಿಲ್

ಅಪ್ಪ,

ನಿಮ್ಮ ಕಾಗದ ಕೈಗೆ ಬಂದ ದಿನ ಕೆಲಸಕ್ಕೆ ಹೋಗಲಿಲ್ಲ.

ಗೊತ್ತಿದ್ದೂ ನನ್ನನ್ನು ಆ ವಿಮಾನ ಚಾಲಕನ ಹೆಂಡತಿಯ ಎದುರು ಕೂರಿಸಿದಿರಾ?

ಅದೊಂದಕ್ಕೆ ಕಪ್ಪು ಕಾಗದವೂ ಬೇಕಿರಲಿಲ್ಲ, ಇಣುಕಿ ನೋಡಲು ಲಕೋಟೆಯೇ ಇರಲಿಲ್ಲ. ಭೂಮಾಪನದ ಚಿಕ್ಕ ವಿಮಾನ, ಒಬ್ಬನೇ ಚಾಲಕ, ಬೆಟ್ಟಸಾಲಿನ ಮೇಲೆ ಹೋದದ್ದು ಹಿಂತಿರುಗಲಿಲ್ಲ. ‘ಎಲ್ಲಿದ್ದಾನೆ ನೋಡಿ ಹೇಳು’ ಎಂದಿರಿ. ಆ ಅಕ್ಕ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಚೀಲವನ್ನು ಎದೆಗೊತ್ತಿಕೊಂಡು ಕೂತಿದ್ದರು. ಮದುವೆಯಾಗಿ ಎಂಟು ತಿಂಗಳು ಎಂದು ಯಾರೋ ಪಿಸುಗುಟ್ಟಿದರು. ನಾನು ಕಣ್ಣು ಮುಚ್ಚಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆ. ಆ ಮುಖಕ್ಕೆ ಏನು ಬೇಕಿತ್ತೋ ಅದನ್ನೇ ಹೇಳಿದೆ. ‘ಬದುಕಿದಾರೆ. ಗೋಡೆಗೆ ಒರಗಿ ಕೂತಿದಾರೆ. ನೀರಿನ ಸದ್ದು ಇದೆ. ದೊಡ್ಡ ಚಕ್ರ ಇದೆ.’ ಚಿತ್ರವನ್ನೂ ಬರೆದುಕೊಟ್ಟೆ.

ನೀವು ಅದಕ್ಕೆ ಸಹಿ ಹಾಕಿ ಅವರ ಕೈಗೆ ಕೊಟ್ಟಿರಿ. ನೀವು, ಸುಳ್ಳೆಂದು ಗೊತ್ತಿದ್ದ ನೀವು.

ಸಮಾರಂಭಕ್ಕೆ ನಾನು ಬರುವುದಿಲ್ಲ. ಅವರ ವಿಳಾಸ ಕಳಿಸಿ.


27 ಏಪ್ರಿಲ್

ಚೂಟಿ,

ಸಮಾರಂಭ ಆಯಿತು. ಹೋಗುವುದಿಲ್ಲ ಎಂದು ಬರೆದು ತಿಳಿಸಬೇಕೆಂದುಕೊಂಡಿದ್ದೆ. ಬರೆಯಲಿಲ್ಲ. ಹೋದೆ, ತೆಗೆದುಕೊಂಡೆ. ಇದನ್ನು ನೀನು ಬೇರೆಯವರಿಂದ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ಭಾಷಣದಲ್ಲಿ ಆ ಹನ್ನೊಂದು ವರ್ಷಕ್ಕೆ ಬಂದಾಗ, ‘ನಂತರ ಕೆಲಕಾಲ ಸರ್ಕಾರದ ಬೇರೊಂದು ಜವಾಬ್ದಾರಿ ಹೊತ್ತಿದ್ದೆ’ ಎಂದೆ. ಮೂರನೆಯ ಸಾಲಿನಲ್ಲಿ ಒಬ್ಬ ಬೋಳುತಲೆಯ ಮುದುಕ ಎದ್ದು ಹೊರಗೆ ಹೋದ. ನಡಿಗೆಯಿಂದ ಗುರುತು ಸಿಕ್ಕಿತು, ಸೊನ್ನೆ. ಎಲ್ಲ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಸಿಕ್ಕ. ಕ್ಷಮಿಸು ಎನ್ನಲು ಬಾಯಿ ತೆರೆದರೆ, “ಚೆನ್ನಾಗಿದೀರಾ ಸರ್?” ಎಂಬುದೇ ನನ್ನ ಬಾಯಿಂದ ಬಂತು. ನಾನು ಅವನನ್ನು ಸರ್ ಎಂದೆ!

ಅವನು ನಗಲಿಲ್ಲ. ಆ ವಿಮಾನ ಚಾಲಕನ ಹೆಂಡತಿಯ ವಿಳಾಸ ಕೇಳಿದೆ. “ಆ ಹೆಣ್ಣುಮಗಳು ಇನ್ನೂ ಅದೇ ಮನೇಲಿದಾರೆ. ವರ್ಷಕ್ಕೊಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ. ಸತ್ಯ ಹೇಳೋಕೆ ನನಗೂ ಧೈರ್ಯ ಆಗ್ಲಿಲ್ಲ” ಎಂದು ವಿಳಾಸ ಬರೆದುಕೊಟ್ಟ.

ಮರುದಿನವೇ ಹೋದೆ. ಕೆಳಗೆ ಮುದ್ರಣಾಲಯ, ಮೇಲೆ ಅವರ ಮನೆ. ಮೆಟ್ಟಿಲು ಹದಿನೆಂಟು. ಹನ್ನೊಂದು ಹತ್ತಿದೆ. ಒಳಗಿಂದ ರೇಡಿಯೋ ಕೇಳಿಸಿತು, ಯಾರೋ ಕೆಮ್ಮಿದರು. ಇಳಿದು ಬಂದೆ. ಮೊಣಕಾಲು ನೋವು ಎಂದು ನನಗೆ ನಾನೇ ಹೇಳಿಕೊಂಡೆ. ಕುಂಟನೆಪ ಎನ್ನುವುದು ಇದಕ್ಕೇ ಇರಬೇಕು.

ವಿಳಾಸ ಇದರ ಜೊತೆಗಿದೆ.

ಅಪ್ಪ


19 ಮೇ

ಅಪ್ಪ,

ಹೋಗಿ ಬಂದೆ.

ಅವರು ಮುದ್ರಣಾಲಯಕ್ಕೆ ಪುಸ್ತಕ ಹೊಲಿದುಕೊಡುತ್ತಾರೆ. ಮನೆಯ ತುಂಬ ಮಡಿಸಿದ ಹಾಳೆಗಳ ಕಟ್ಟು, ಗೋಂದಿನ ವಾಸನೆ. ಬಾಗಿಲು ತೆರೆದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನು ಆ ಹುಡುಗಿ ಅಲ್ವಾ? ಆ ಹುಬ್ಬು ಹಾಗೇ ಇದೆ. ಬಾ, ಕೂತ್ಕೋ. ಹಾಳೆ ಮೇಲೆ ಕೂರಬೇಡ” ಎಂದರು. ನನ್ನ ಹೆಸರು ಹೇಳುವ ಸಂದರ್ಭವೇ ಬರಲಿಲ್ಲ.

ಕೂರದೆ ನಿಂತೇ ಎಲ್ಲವನ್ನೂ ಹೇಳಿದೆ. ಲಕೋಟೆ, ಕಿಟಕಿ, ನಿಮಗೆ ಗೊತ್ತಿದ್ದದ್ದು. ಅವರು ಹೊಲಿಗೆ ನಿಲ್ಲಿಸಲಿಲ್ಲ. ಸೂಜಿ ಒಳಗೆ ಹೋಗುವುದು, ದಾರ ಎಳೆಯುವುದು, ಅದೊಂದೇ ಸದ್ದು. ಮುಗಿದ ಮೇಲೆ ಕೇಳಿದರು:

“ಆ ಚಕ್ರ ಯಾವುದು?”

“ಅಕ್ಕಾ?”

“ನೀನು ಬರೆದಿದ್ದೆಯಲ್ಲ, ದೊಡ್ಡ ಚಕ್ರ. ಅದು ಎಲ್ಲಿಂದ ಬಂತು?”

“ಎದುರಿನ ಗೋಡೆ ಮೇಲೆ ಗಾಳಿ ಹೊರಗೆ ಎಳೆಯೋ ಫ್ಯಾನ್ ಇತ್ತು. ನೀರಿನ ಸದ್ದು ಅಂದಿದ್ದು... ಮೂಲೇಲಿ ನಲ್ಲಿ ಸೋರ್ತಿತ್ತು.”

ಆಗ ಸೂಜಿ ನಿಂತಿತು.

“ಇಪ್ಪತ್ಮೂರು ಊರು” ಎಂದರು. “ರಜ ಸಿಕ್ಕಾಗಲೆಲ್ಲ ಹೋಗ್ತಿದ್ದೆ. ಹಿಟ್ಟಿನ ಗಿರಣಿ, ಎಣ್ಣೆ ಗಾಣ, ನೀರೆತ್ತೋ ಯಂತ್ರ. ಗೋಡೆ, ನೀರು, ಚಕ್ರ, ಮೂರೂ ಇರೋ ಊರು ಎಷ್ಟಿವೆ ಗೊತ್ತಾ ನಿನಗೆ? ಚಿತ್ರ ತೋರಿಸಿ ಕೇಳ್ತಿದ್ದೆ. ಕೆಲವರು ನಗ್ತಿದ್ರು, ಕೆಲವರು ಊಟ ಹಾಕ್ತಿದ್ರು.”

ಮುದ್ರಣಾಲಯದಲ್ಲಿ ಅಚ್ಚು ಜೋಡಿಸುವವರೊಬ್ಬರು ಎರಡು ಸಲ ಮದುವೆಯ ಮಾತು ಎತ್ತಿದ್ದರಂತೆ. ‘ಅವರು ಬಂದ್ರೆ ಏನು ಹೇಳಲಿ’ ಎಂದು ಇವರು ಒಪ್ಪಲಿಲ್ಲ. ಏಳು ವರ್ಷವಾದ ಮೇಲೆ ಸರ್ಕಾರದವರು ಮರಣ ನೋಂದಾಯಿಸಲು ಕರೆದಾಗಲೂ ನಿಮ್ಮ ವರದಿ ತೋರಿಸಿ ಹಿಂತಿರುಗಿದರು. ಮನೆ ಬದಲಾಯಿಸಿದರೆ ಗಂಡನಿಗೆ ವಿಳಾಸ ತಪ್ಪೀತು ಎಂದು ಇಲ್ಲೇ ಉಳಿದರು. ಇದನ್ನೆಲ್ಲ ಅವರು ದೂರುವವರಂತೆ ಹೇಳಲಿಲ್ಲ. ದೂರಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯವರು ಪಾತ್ರೆ ವಾಪಸು ಕೊಡಲು ಬಂದು, “ಯಾರಿದು, ನೆಂಟರಾ?” ಎಂದು ಕೇಳಿದರು.

“ನಮ್ಮ ಯಜಮಾನರನ್ನ ಕೊನೇಲಿ ನೋಡಿದವಳು” ಎಂದರು ಅವರು, ನನ್ನ ಕಡೆ ತಿರುಗದೆ.

ನೆಲ ಬಾಯಿ ಬಿಡಬಾರದೆ ಅನ್ನಿಸಿತು, ಅಪ್ಪ.

ನೆರೆಯವರು ಹೋದ ಮೇಲೆ ಮುಖ ತೊಳೆದುಕೊಂಡು ಬಂದರು. ಮರಣ ನೋಂದಣಿ ಮಾಡಿಸಿಬಿಡುತ್ತಾರಂತೆ. “ಎರಡು ಸಾಕ್ಷಿ ಬೇಕಂತೆ. ಒಂದು ನೀನು. ಇನ್ನೊಂದು ನಿಮ್ಮಪ್ಪ. ಬೇರೆ ಯಾರೂ ಬೇಡ.”

“ಅಪ್ಪ ನಿಮ್ಮ ಹತ್ರ ಕ್ಷಮೆ ಕೇಳ್ಬೇಕು ಅಂತ—”

“ಅದೆಲ್ಲ ಬೇಡ. ಗುರುತಿನ ಚೀಟಿ ತರೋಕೆ ಹೇಳು.”

ಅಂದೇ ಕಚೇರಿಗೆ ಹೋಗಿ ನನ್ನ ಸಹಿ ಹಾಕಿ ಬಂದೆ. ನಿಮ್ಮ ಜಾಗ ಖಾಲಿ ಇದೆ. ಜೂನ್ ಒಂದನೆಯ ತಾರೀಕು ಬೆಳಿಗ್ಗೆ ಹತ್ತಕ್ಕೆ ಅವರು ಅಲ್ಲಿರುತ್ತಾರೆ. ನಾನು ಜೊತೆಗೆ ಬರುವುದಿಲ್ಲ. ಹದಿನೆಂಟು ಮೆಟ್ಟಿಲು ಹತ್ತುವ ಕಷ್ಟ ಇಲ್ಲ, ಕಚೇರಿ ನೆಲಮಹಡಿಯಲ್ಲೇ ಇದೆ.

ಸಂಶೋಧಕಿಗೂ ಬರೆದಿದ್ದೇನೆ: ಹೌದು, ನಾನೇ.

ಮಗಳು


2 ಜೂನ್

ಚೂಟಿ,

ನಿನ್ನೆ ಹೋದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ವರ್ಷಗಟ್ಟಲೆ ಪಾಠ ಮಾಡಿದವನಿಗೆ ಅದೇನು ಕಷ್ಟ. ಅವರು ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಸ್ವಲ್ಪ ಸರಿದರು. “ಕೂತ್ಕೊಳ್ಳಿ. ನಮ್ಮ ನಂಬರ್ ಇನ್ನೂ ಬಂದಿಲ್ಲ” ಎಂದರು. ಒಂದೂಕಾಲು ಗಂಟೆ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು. ಜೋಡಿಸಿಕೊಂಡಿದ್ದ ಒಂದು ಮಾತೂ ಹೊರಗೆ ಬರಲಿಲ್ಲ. ಅವರ ಬೆರಳ ತುದಿಗಳಲ್ಲಿ ಸೂಜಿಯ ಗಾಯಗಳಿದ್ದವು. ಅದನ್ನೇ ನೋಡುತ್ತಿದ್ದೆ. ಅವರು ಕೈ ಮಡಚಿಕೊಂಡರು.

ಗುಮಾಸ್ತ ಚುರುಕಿನ ಹುಡುಗಿ. ಅರ್ಜಿ ತಿರುವಿಹಾಕಿ ಕೇಳಿದಳು, “ಸರ್, ಮೃತರು ನಿಮಗೆ ಏನಾಗ್ಬೇಕು?”

“ಏನೂ ಆಗ್ಬೇಕಿಲ್ಲ.”

“ಮತ್ತೆ ಅವರು ತೀರಿಕೊಂಡಿದ್ದು ನಿಮಗೆ ಹೇಗೆ ಗೊತ್ತು?”

“ಗೊತ್ತಿಲ್ಲ” ಎಂದೆ.

ಅವಳು ಪೆನ್ನು ಕೆಳಗಿಟ್ಟಳು. “ಗೊತ್ತಿಲ್ದೆ ಸಾಕ್ಷಿ ಹೇಗೆ ಹಾಕ್ತೀರಾ ಸರ್?”

“ಅವರು ಬದುಕಿದ್ದಾರೆ ಅಂತ ಸರ್ಕಾರಕ್ಕೆ ಬರೆದುಕೊಟ್ಟವನು ನಾನು. ಅದು ಸುಳ್ಳು. ಬರೆದಾಗಲೇ ನನಗೆ ಗೊತ್ತಿತ್ತು. ಸಾಕ್ಷಿ ಹೇಳೋದಾದ್ರೆ ನಾನು ಅಷ್ಟನ್ನ ಹೇಳ್ಬಲ್ಲೆ.”

ನನ್ನ ದನಿ ಜೋರಾಗಿಯೇ ಬಂದಿರಬೇಕು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಕಿವಿಯವರೆಗೆ ಬಿಸಿಯೇರಿತು. ಅವರ್ಯಾರೂ ನನಗೆ ಗೊತ್ತಿಲ್ಲ, ನಾನೂ ಅವರಿಗೆ ಗೊತ್ತಿಲ್ಲ. ಆದರೂ ಆ ಸಭಾಂಗಣದ ಎಂಟುನೂರು ಜನರೆದುರು ಆಗದ ನಾಚಿಕೆ ಆ ಹತ್ತು ಜನರ ಮುಂದೆ ಆಯಿತು.

ಹುಡುಗಿ ಒಳಗೆ ಹೋಗಿ ಮೇಲಧಿಕಾರಿಯನ್ನು ಕೇಳಿಕೊಂಡು ಬಂದಳು. “ಇದಕ್ಕೆ ಕಾಲಂ ಇಲ್ಲ ಸರ್. ಬೇರೆ ಹಾಳೇಲಿ ಬರೆದು ಸಹಿ ಮಾಡಿ, ಲಗತ್ತಿಸ್ತೀವಿ.”

ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ನಿಂತುಕೊಂಡೇ ಬರೆದೆ. ನಿನ್ನ ವಿಷಯ ಬರೆಯಲಿಲ್ಲ. ನಾನು ಏನು ಕಂಡೆ, ಏನು ಅರ್ಥವಾಗಿತ್ತು, ಅದನ್ನು ಹೇಗೆ ಮುಚ್ಚಿಟ್ಟೆ, ಯಾರ ಕೈಗೆ ಏನನ್ನು ಕೊಟ್ಟೆ, ಅಷ್ಟೇ. ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಲಿಲ್ಲ. ಸಹಿ ಮಾಡಿ ಅವರ ಕೈಗೆ ಕೊಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಮೊದಲಿನಿಂದ ಓದಿದರು. ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

“ಅರ್ಧ ಪುಟಾನೂ ಆಗ್ಲಿಲ್ಲ” ಎಂದರು. “ಇದನ್ನ ಅವತ್ತೇ ಬರೀಬಹುದಿತ್ತಲ್ಲ.”

“ಬರೀಬಹುದಿತ್ತು” ಎಂದೆ.

ಹಾಳೆಯನ್ನು ಕೌಂಟರಿನ ಒಳಗೆ ತಳ್ಳಿ, ರಸೀದಿ ಪಡೆದು, ಅದನ್ನು ಎರಡು ಸಲ ಮಡಿಸಿ ಕೈಚೀಲಕ್ಕೆ ಹಾಕಿಕೊಂಡು, ನನ್ನ ಕಡೆ ನೋಡದೆ ಅವರು ಬಾಗಿಲು ದಾಟಿ ಹೋದರು.

ಅಪ್ಪ